ಹಳದಿ ಗೆರೆ ಹಿಡಿದು ಹೋಗಿ: ಇಂಗ್ಲೆಂಡಿನ ಹಳ್ಳಿದಾರಿಗಳಲ್ಲಿ ಸೈಕಲ್ ಪ್ರವಾಸ

ಇಂಗ್ಲೆಂಡಿನಲ್ಲಿ ಸೈಕಲ್ ಪ್ರವಾಸಕ್ಕೆ ಹೊರಡುವವರು ಮೊದಲು ಹುಡುಕುವುದು ಹೆಸರುವಾಸಿ ಮಾರ್ಗಗಳನ್ನು. ಪಶ್ಚಿಮದ ಮೋರ್‌ಕಂಬ್‌ನಿಂದ ಪೂರ್ವದ ಬ್ರಿಡ್ಲಿಂಗ್ಟನ್‌ವರೆಗಿನ 170 ಮೈಲಿಯ 'ವೇ ಆಫ್ ದ ರೋಸಸ್', ವೈಟ್‌ಹೇವನ್‌ನಿಂದ ಹೊರಟು ಪೆನೈನ್ ಬೆಟ್ಟಸಾಲು ದಾಟುವ 'ಸೀ ಟು ಸೀ' ಇವೆಲ್ಲ ಒಳ್ಳೆಯ ಮಾರ್ಗಗಳೇ. ಆದರೆ ಓದಿಗೋ ಕೆಲಸಕ್ಕೋ ಅಲ್ಲಿ ನೆಲೆಸಿ, ಸಿಕ್ಕ ಎರಡು ಮೂರು ದಿನದ ಬಿಡುವಿನಲ್ಲಿ ನೆಮ್ಮದಿಯಾಗಿ ಪೆಡಲ್ ತುಳಿಯಬೇಕೆನ್ನುವ ನಮ್ಮವರಿಗೆ ಇನ್ನೊಂದು ದಾರಿ ಇದೆ: ನಕ್ಷೆ ಓದಲು ಕಲಿತು ತಮ್ಮ ಮಾರ್ಗವನ್ನು ತಾವೇ ಗುರುತು ಹಾಕಿಕೊಳ್ಳುವುದು. ಮಾರ್ಗಕ್ಕೆ ನಂಬರ್ ಇದ್ದ ಮಾತ್ರಕ್ಕೆ ಅದು ಪ್ರಶಾಂತವಾಗಿರಬೇಕೆಂದಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ಸೈಕಲ್ ಜಾಲವನ್ನು ಕಟ್ಟಿದ ಸಸ್ಟ್ರಾನ್ಸ್ ಸಂಸ್ಥೆಯೇ 2020ರಲ್ಲಿ ಆ ಜಾಲದ ಸುಮಾರು ಕಾಲು ಭಾಗವನ್ನು ಪಟ್ಟಿಯಿಂದ ಕೈಬಿಟ್ಟಿತು, ಇಲ್ಲವೇ ಬೇರೆ ವರ್ಗಕ್ಕೆ ಸೇರಿಸಿತು. ಅಲ್ಲಿ ವಾಹನಗಳ ಓಡಾಟ ಹೆಚ್ಚಿದೆ, ಅನುಭವವಿಲ್ಲದವರಿಗೆ ಅದು ಸುರಕ್ಷಿತವಲ್ಲ ಎಂಬುದೇ ಮುಖ್ಯ ಕಾರಣ.

ಹಾಗಾದರೆ ಪ್ರಶಾಂತ ರಸ್ತೆಯನ್ನು ಗುರುತಿಸುವುದು ಹೇಗೆ? ಬ್ರಿಟನ್ನಿನ ನಕ್ಷಾ ಸಂಸ್ಥೆ ಆರ್ಡ್‌ನನ್ಸ್ ಸರ್ವೆಯ 'ಲ್ಯಾಂಡ್‌ರೇಂಜರ್' ನಕ್ಷೆ ಕೊಳ್ಳುವುದು ಮೊದಲ ಹೆಜ್ಜೆ. ಗುಲಾಬಿ ರಟ್ಟಿನ ಈ ಮಾಲೆಯ 204 ಹಾಳೆಗಳು ಇಡೀ ಬ್ರಿಟನ್ನನ್ನು 1:50,000 ಪ್ರಮಾಣದಲ್ಲಿ ತೋರಿಸುತ್ತವೆ. ಕಾಲೇಜಿನ ಭೂಗೋಳ ತರಗತಿಯಲ್ಲಿ ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ ಬಿಡಿಸಿದವರಿಗೆ ಈ ಪ್ರಮಾಣ ಹೊಸದಲ್ಲ. ನಕ್ಷೆಯ ಮೇಲಿನ ಪ್ರತಿ ಚೌಕ ನೆಲದ ಮೇಲೆ ಒಂದು ಕಿಲೋಮೀಟರ್. ನೀಲಿ ಬಣ್ಣದ್ದು ಮೋಟಾರ್‌ವೇ, ಅಲ್ಲಿಗೆ ಸೈಕಲ್‌ಗೆ ಪ್ರವೇಶವೇ ಇಲ್ಲ. ಹಸಿರು ಮತ್ತು ಕೆಂಪು ಬಣ್ಣದ 'ಎ' ರಸ್ತೆಗಳನ್ನು ಅಡ್ಡ ದಾಟಬೇಕೇ ಹೊರತು ಅವುಗಳ ಮೇಲೆ ಸಾಗಬಾರದು. ಕಿತ್ತಳೆ ಬಣ್ಣದ 'ಬಿ' ರಸ್ತೆ ಅನಿವಾರ್ಯವಾದರೆ ಮಾತ್ರ. ನಮಗೆ ಬೇಕಾದದ್ದು ಹಳದಿ ಗೆರೆ. ಅದರಲ್ಲೂ ನಾಲ್ಕು ಮೀಟರಿಗಿಂತ ಕಿರಿದಾದ ರಸ್ತೆಯನ್ನು ನಕ್ಷೆ ಸಣ್ಣ ಗೆರೆಯಲ್ಲಿ ಬೇರೆಯಾಗಿ ತೋರಿಸುತ್ತದೆ.

ಇಷ್ಟೊಂದು ಹಳದಿ ಗೆರೆಗಳು ಅಲ್ಲಿ ಇರುವುದಕ್ಕೆ ಕಾರಣವಿದೆ. ಹಳ್ಳಿಯಿಂದ ಚರ್ಚಿಗೆ, ಸಂತೆಗೆ, ಗಿರಣಿಗೆ, ಹೊಲಕ್ಕೆ ನಡೆದು, ಗಾಡಿ ಹೊಡೆದು ಸವೆದ ದಾರಿಗಳು ಕಾರು ಬರುವುದಕ್ಕೆ ಎಷ್ಟೋ ಶತಮಾನ ಮೊದಲಿನವು. ದೂರದ ವಾಹನಗಳಿಗಾಗಿ ದೊಡ್ಡ ರಸ್ತೆಗಳಾದ ಮೇಲೆ ಅವಸರದವರೆಲ್ಲ ಅತ್ತ ಹೋದರು. ಡಾಂಬರು ಕಂಡ ಹಳೆಯ ದಾರಿಗಳು ಊರಿನವರ ಓಡಾಟಕ್ಕಷ್ಟೇ ಉಳಿದವು. ಆದ್ದರಿಂದ ಗೆರೆ ಎಳೆಯುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ದಾರಿಯಲ್ಲಿ ಕಾರು ಬರಲು ಏನಾದರೂ ಕಾರಣವಿದೆಯೇ? ಎರಡು ಪೇಟೆಗಳನ್ನು ನೇರವಾಗಿ ಕೂಡಿಸುವ ಹಳದಿ ರಸ್ತೆ ಬೆಳಗ್ಗೆ ಸಂಜೆ ಒಳದಾರಿಯಾಗಿ ಬಳಕೆಯಾಗುತ್ತದೆ, ಅದನ್ನು ಬಿಡಿ. ಪಕ್ಕದಲ್ಲೇ ಸಮಾನಾಂತರವಾಗಿ ದೊಡ್ಡ ರಸ್ತೆ ಇದ್ದು, ಸುತ್ತಿ ಬಳಸಿ ಮೂರು ನಾಲ್ಕು ಹಳ್ಳಿ ಮುಟ್ಟುವ ಗೆರೆಯನ್ನು ಆರಿಸಿ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಬ್ರಿಟನ್ನಿನಲ್ಲಿ ಸೈಕಲ್ ಸವಾರರ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗ್ರಾಮೀಣ ರಸ್ತೆಗಳಲ್ಲೇ ಆಗುತ್ತವೆ ಎನ್ನುತ್ತವೆ ಸರ್ಕಾರಿ ಅಂಕಿ ಅಂಶಗಳು. ಹಳ್ಳಿಯ ಕಿರುದಾರಿಗೂ ಬಹುಪಾಲು ಕಡೆ ಗಂಟೆಗೆ 60 ಮೈಲಿ ವೇಗದ ಮಿತಿಯೇ ಅನ್ವಯಿಸುತ್ತದೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಲೆಕ್ಕದ 'ಗ್ರಾಮೀಣ ರಸ್ತೆ'ಯಲ್ಲಿ ವೇಗದ 'ಎ' ರಸ್ತೆಗಳೂ ಸೇರಿವೆ. ಯಾವ ರಸ್ತೆ ಹಿಡಿಯುತ್ತೇವೆ ಎಂಬುದು ಇಷ್ಟು ಮುಖ್ಯವಾಗುವುದು ಇದರಿಂದಲೇ. ಎರಡೂ ಬದಿ ಬೇಲಿ, ನೂರು ಮೀಟರಿಗೊಂದು ತಿರುವು ಇರುವ ಕಿರುದಾರಿಯಲ್ಲಿ ಆ ಮಿತಿಯನ್ನು ಮುಟ್ಟುವುದೇ ಕಷ್ಟ. ಹಾಗೆಂದು ಎಚ್ಚರ ತಪ್ಪಬಾರದು, ದಾರಿ ಚೆನ್ನಾಗಿ ಬಲ್ಲ ಊರಿನವರೇ ಕೆಲವೊಮ್ಮೆ ಜೋರಾಗಿ ಬರುತ್ತಾರೆ. ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ತೊಡಿ, ಕಿವಿಗೆ ಇಯರ್‌ಫೋನ್ ಬೇಡ. ಪ್ರಶಾಂತ ರಸ್ತೆಯಲ್ಲಿ ನಿಮ್ಮ ಪಥದ ನಡುವೆಯೇ ಸಾಗಿ, ಹಿಂದೆ ವಾಹನ ಬಂದಾಗ ಸುರಕ್ಷಿತ ಜಾಗದಲ್ಲಿ ಎಡಕ್ಕೆ ಸರಿಯಿರಿ ಎಂದು 2022ರಲ್ಲಿ ತಿದ್ದುಪಡಿಯಾದ ಅಲ್ಲಿಯ ರಸ್ತೆ ನಿಯಮಗಳ ಕೈಪಿಡಿ 'ಹೈವೇ ಕೋಡ್' ಹೇಳುತ್ತದೆ. ನಮ್ಮಲ್ಲಿಯಂತೆ ಅಲ್ಲೂ ಎಡಬದಿಯ ಸಂಚಾರವಾದ್ದರಿಂದ ಕೈಯ ಅಭ್ಯಾಸ ಬದಲಿಸಬೇಕಿಲ್ಲ.

ಕಾರೇ ಇಲ್ಲದ ಹಳೆಯ ರೈಲುದಾರಿಗಳಿರುವಾಗ ಇದೆಲ್ಲ ಯಾಕೆ ಎಂದೂ ಕೇಳಬಹುದು. ನಷ್ಟದ ರೈಲುಮಾರ್ಗಗಳನ್ನು ಮುಚ್ಚಲು ಹೇಳಿದ 1963ರ ಬೀಚಿಂಗ್ ವರದಿಯ ನಂತರ ಮುಚ್ಚಿದ ಎಷ್ಟೋ ಹಳಿಗಳು ಇಂದು ಸೈಕಲ್ ದಾರಿಗಳಾಗಿವೆ ನಿಜ. ಆದರೆ ನಡುನಡುವೆ ಜಮೀನು ಮಾರಾಟವಾಗಿ, ಸೇತುವೆಗಳು ಬಿದ್ದುಹೋಗಿ ಅವು ತುಂಡು ತುಂಡಾಗಿವೆ. ನಗರದ ಸುತ್ತ ಹಳದಿ ಗೆರೆಗಳು ಕಾಣೆಯಾಗುವ ಕಡೆ ಒಳಗೆ ಬರಲು, ಹೊರಗೆ ಹೋಗಲು ರೈಲುದಾರಿ ಬಳಸಿ. ನಡುವಿನ ದೂರಕ್ಕೆ ಹಳ್ಳಿದಾರಿ. ಮೊಬೈಲ್ ಆ್ಯಪ್ ಸಾಕಲ್ಲವೇ ಎನ್ನುವವರಿಗೂ ಒಂದು ಮಾತು. ಆ್ಯಪ್ ಹತ್ತಿರದ ದಾರಿ ನೋಡಿ ನಿಮ್ಮನ್ನು ಕೆಸರು ತುಂಬಿದ 'ಬ್ರೈಡಲ್‌ವೇ'ಗೆ, ಅಂದರೆ ಕುದುರೆ ಸವಾರರ ಕಚ್ಚಾ ದಾರಿಗೆ ಇಳಿಸಬಹುದು. 1968ರ ಕಾಯ್ದೆಯಿಂದ ಅಲ್ಲಿ ಸೈಕಲ್ ಹೊಡೆಯುವ ಹಕ್ಕೇನೋ ಇದೆ, ಸಾಮಾನು ಹೇರಿದ ಸೈಕಲ್‌ಗೆ ಅದು ಹಿಂಸೆ. ದಾರಿಯನ್ನು ಕಾಗದದ ಮೇಲೆ ಆರಿಸಿ, ಆಮೇಲೆ ಫೋನಿಗೆ ಹಾಕಿಕೊಳ್ಳಿ.

ಮೊದಲ ಪ್ರವಾಸಕ್ಕೆ ನಾನು ಹೇಳುವ ಕೌಂಟಿ ನಾರ್ಫಕ್. ಇಲ್ಲಿ ಮೋಟಾರ್‌ವೇ ಇಲ್ಲ, ಅತಿ ಎತ್ತರದ ಜಾಗವೇ 103 ಮೀಟರ್. ಡೆವನ್‌ನ ದಾರಿಗಳು ಇನ್ನೂ ಚೆಲುವು, ಆದರೆ ಅಲ್ಲಿಯ ಏರು ಹೊಸಬರ ಉಸಿರು ಕಟ್ಟಿಸುತ್ತದೆ. ನಕ್ಷೆಯಲ್ಲಿ ರಸ್ತೆಯ ಮೇಲೆ ಬಾಣದ ಗುರುತು ಕಂಡರೆ ಶೇ 14ಕ್ಕಿಂತ ಕಡಿದಾದ ಏರು, ಜೋಡಿ ಬಾಣವಿದ್ದರೆ ಶೇ 20ಕ್ಕೂ ಹೆಚ್ಚು ಎಂದು ತಿಳಿಯಿರಿ. ನಾರ್ಫಕ್‌ನ ಈ ಪ್ರವಾಸಕ್ಕೆ 132, 133, 134ನೇ ಹಾಳೆಗಳು ಬೇಕು. ಇಂಗ್ಲೆಂಡಿನಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ ಪಶ್ಚಿಮದ ಕಿಂಗ್ಸ್ ಲಿನ್‌ನಲ್ಲಿ ಆರಂಭಿಸಿ ಪೂರ್ವದ ನಾರಿಚ್‌ನಲ್ಲಿ ಮುಗಿಸಿ. ಎರಡೂ ಊರಿಗೆ ಲಂಡನ್ನಿನಿಂದ ನೇರ ರೈಲಿದೆ. ಮೊದಲ ದಿನ ಹನ್ನೆರಡನೇ ಶತಮಾನದ ಕೋಟೆಯಿರುವ ಕಾಸಲ್ ರೈಸಿಂಗ್, ಸ್ಯಾಂಡ್ರಿಂಗಮ್, ನೌಕಾ ಸೇನಾನಿ ನೆಲ್ಸನ್ ಹುಟ್ಟಿದ ಬರ್ನಮ್ ಥಾರ್ಪ್ ದಾಟಿ ಕಡಲತಡಿಯ ವೆಲ್ಸ್ ಸೇರಬಹುದು, ಸುಮಾರು 55 ಕಿಲೋಮೀಟರ್. ಕರಾವಳಿಯ ಎ149 ರಸ್ತೆ ಬೇಸಿಗೆಯಲ್ಲಿ ಪ್ರವಾಸಿಗರ ಕಾರುಗಳಿಂದ ತುಂಬಿರುತ್ತದೆ, ಅದರ ಒಳಬದಿಯ ಹಳದಿ ದಾರಿಗಳಲ್ಲೇ ಇರಿ. ಎರಡನೇ ದಿನ ಯಾತ್ರಾಸ್ಥಳ ವಾಲ್ಸಿಂಗಮ್, ಫೇಕನಮ್ ಮೂಲಕ ರೀಪಮ್‌ಗೆ ಬಂದು, ಹಳೆಯ ರೈಲುದಾರಿ 'ಮ್ಯಾರಿಯಟ್ಸ್ ವೇ' ಹಿಡಿದರೆ ದೊಡ್ಡ ರಸ್ತೆಗಳ ಗದ್ದಲವಿಲ್ಲದೆ ನಾರಿಚ್ ಪೇಟೆಯೊಳಗೇ ತಲುಪುತ್ತೀರಿ. ಅದು 70 ಕಿಲೋಮೀಟರಿನ ಆಸುಪಾಸು. ಹೆಚ್ಚೆನಿಸಿದರೆ ರೀಪಮ್‌ನಲ್ಲಿ ಉಳಿದು ಮೂರನೇ ದಿನ ಮುಗಿಸಿ.

ಸುತ್ತುದಾರಿಯಲ್ಲಿ ಹೊತ್ತು ಹೆಚ್ಚು ಬೇಕಾಗುತ್ತದೆ ಎಂಬುದು ಸರಿಯೇ. ತಿರುವು, ಕೈಮರ, ಎದುರಾಗುವ ಟ್ರ್ಯಾಕ್ಟರ್‌ಗಾಗಿ ಹೊಲದ ಗೇಟಿನ ಬಳಿ ನಿಲ್ಲುವುದು ಎಲ್ಲ ಸೇರಿ ಗಂಟೆಗೆ 12 ಕಿಲೋಮೀಟರ್ ಎಂದೇ ಲೆಕ್ಕ ಹಾಕಿ. ಜೂನ್‌ನಲ್ಲಿ ಹಗಲು 16 ಗಂಟೆಗೂ ಮೀರಿ ಇರುವುದರಿಂದ ಅವಸರವೇನಿಲ್ಲ. ಊಟದ್ದು ಮಾತ್ರ ಎಚ್ಚರ: ಹಳ್ಳಿಯ ಎಷ್ಟೋ ಪಬ್‌ಗಳ ಅಡುಗೆಮನೆ ಮಧ್ಯಾಹ್ನ ಎರಡಕ್ಕೇ ಮುಚ್ಚುತ್ತದೆ, ಸೋಮವಾರ ಕೆಲವು ತೆರೆಯುವುದೇ ಇಲ್ಲ. ಬ್ರೆಡ್ಡು, ಬಾಳೆಹಣ್ಣು ಚೀಲದಲ್ಲಿರಲಿ. ಪಬ್ಬಿನಲ್ಲಿ ಏನಾದರೂ ಕೊಂಡವರು ಕೇಳಿದರೆ ಕುಡಿಯುವ ನೀರನ್ನು ಉಚಿತವಾಗಿ ಕೊಡಲೇಬೇಕೆಂಬ ನಿಯಮವಿದೆ, ಬಾಟಲಿ ತುಂಬಿಸಿಕೊಳ್ಳಿ. ಹೊಲದಂಚಿನ ಬೇಲಿಗಳನ್ನು ಮಾರ್ಚ್‌ನಿಂದ ಆಗಸ್ಟ್ ಕೊನೆಯವರೆಗೆ ಕತ್ತರಿಸುವಂತಿಲ್ಲ. ಸೆಪ್ಟೆಂಬರ್‌ನಿಂದ ಯಂತ್ರಗಳು ಬೇಲಿ ಸವರಿದಾಗ ಹಾಥಾರ್ನ್ ಗಿಡದ ಗಟ್ಟಿ ಮುಳ್ಳುಗಳು ಡಾಂಬರಿನ ಮೇಲೆ ಚೆಲ್ಲಿ ಟೈರಿಗೆ ನೆಡುತ್ತವೆ. ಆ ಕಾಲದಲ್ಲಿ ಹೋಗುವವರು ಎರಡು ಟ್ಯೂಬ್, ಪ್ಯಾಚ್, ಪಂಪು ಇಲ್ಲದೆ ಹೊರಡಬಾರದು.

ಎಲ್ಲೆಂದರಲ್ಲಿ ಡೇರೆ ಹಾಕಲು ಇಂಗ್ಲೆಂಡಿನ ಕಾನೂನು ಬಿಡುವುದಿಲ್ಲವಾದ್ದರಿಂದ ತಂಗುವ ಜಾಗವನ್ನು ಮೊದಲೇ ಗೊತ್ತುಮಾಡಿ. ಜುಲೈ ಕೊನೆಯಿಂದ ಆಗಸ್ಟ್ ಮುಗಿಯುವವರೆಗೆ ಶಾಲಾ ರಜೆ, ವೆಲ್ಸ್‌ನಂಥ ಕಡಲೂರಿನಲ್ಲಿ ಆಗ ಕೋಣೆ ಸಿಗುವುದು ದುರ್ಲಭ. ಮೇ, ಜೂನ್ ಒಳ್ಳೆಯ ತಿಂಗಳುಗಳು. ರೈಲಿನಲ್ಲಿ ಸೈಕಲ್‌ಗೆ ಪ್ರತ್ಯೇಕ ದರವಿಲ್ಲ, ಆದರೆ ದೂರದ ಹಲವು ರೈಲುಗಳಲ್ಲಿ ಅದಕ್ಕೆ ಜಾಗ ಕಾದಿರಿಸಬೇಕು, ಲಂಡನ್ ಸುತ್ತ ಜನದಟ್ಟಣೆಯ ಹೊತ್ತಿನಲ್ಲಿ ನಿರ್ಬಂಧವೂ ಇದೆ. ಹಾಗಾಗಿ ಸೈಕಲ್‌ಗೆ ಜಾಗ ಖಚಿತವಾದ ಮೇಲೆಯೇ ನಿಮ್ಮ ಟಿಕೆಟ್ ಕೊಳ್ಳಿ.