ಟ್ರ್ಯಾಕ್ಟರ್ ಒಂದು ಕಡೆಗೆ ಎಳೀತಿದೆಯಾ? ಸ್ಪ್ಯಾನರ್ ಹಿಡಿಯೋ ಮೊದಲು ಇಷ್ಟು ನೋಡಿ

ಕಬ್ಬು ತುಂಬಿಕೊಂಡು ನಾಲೆ ಏರಿ ಮೇಲೆ ಬರುತ್ತಿದ್ದೆ. ಹಸುವೊಂದು ಅಡ್ಡ ಬಂತು, ಬ್ರೇಕ್ ಒತ್ತಿದೆ. ಟ್ರ್ಯಾಕ್ಟರ್ ನೇರ ನಿಲ್ಲೋ ಬದಲು ಎಡಕ್ಕೆ, ಅಂದರೆ ನಾಲೆ ಕಡೆಗೇ ಎಳೆಯಿತು. ಹಿಂದಿನಿಂದ ಟ್ರೇಲರ್ ದಬ್ಬುತ್ತಿತ್ತು. ಏರಿಯ ಅಂಚು ಎರಡಡಿ ಇದೆ ಅನ್ನುವಾಗ ಗಾಡಿ ನಿಂತಿತು. ಇಳಿದ ಮೇಲೆ ಸ್ವಲ್ಪ ಹೊತ್ತು ಕಾಲು ನಡುಗುತ್ತಲೇ ಇತ್ತು.

ಅದಕ್ಕೂ ತಿಂಗಳ ಮೊದಲೇ ಗಾಡಿ ಎಳೆಯೋಕೆ ಶುರುವಾಗಿತ್ತು. ಅಲೈನ್‌ಮೆಂಟ್ ಹೋಗಿರಬೇಕು ಅಂದುಕೊಂಡು ಟೈ ರಾಡ್ ಎಂಡ್ ಎರಡೂ ಬದಲಿಸಿದ್ದೆ. ದುಡ್ಡು ಹೋಯ್ತು, ಎಳೆತ ಹೋಗಲಿಲ್ಲ. ಯಾಕಂದ್ರೆ ಮೊದಲು ಕೇಳಬೇಕಾದ ಪ್ರಶ್ನೆಯನ್ನೇ ನಾನು ಕೇಳಿರಲಿಲ್ಲ: ಗಾಡಿ ಎಳೆಯೋದು ಯಾವಾಗ? ಸುಮ್ಮನೆ ಓಡುವಾಗಲೋ, ಬ್ರೇಕ್ ಒತ್ತಿದಾಗಲೋ, ಟ್ರೇಲರ್ ಕಟ್ಟಿದಾಗಲೋ? ಮೂರಕ್ಕೂ ಕಾರಣ ಬೇರೆ ಬೇರೆ.

ಇದನ್ನು ತಿಳಿಯೋಕೆ ಟ್ರೇಲರ್ ಬಿಚ್ಚಿ, ಜನ ಇಲ್ಲದ ಸಮತಟ್ಟಾದ ಒಣ ಜಾಗಕ್ಕೆ ಹೋಗಿ. ರಸ್ತೆಯಲ್ಲಿ ನೋಡಿದರೆ ಮೋಸ ಹೋಗ್ತೀರಿ. ಮಳೆನೀರು ಹರಿಯಲಿ ಅಂತ ರಸ್ತೆಯನ್ನು ನಡುವೆ ಎತ್ತರ, ಅಂಚಿಗೆ ಇಳಿಜಾರು ಮಾಡಿರ್ತಾರೆ. ಎಡಬದಿಯಲ್ಲಿ ಓಡುವ ಗಾಡಿ ಚೂರು ಎಡಕ್ಕೆ ಜಾರೋದು ಸಹಜ.

1. ಸುಮ್ಮನೆ ಓಡುವಾಗ ಎಳೆದರೆ

ಮೊದಲು ಗಾಳಿ ನೋಡಿ. ಗಾಳಿ ಕಡಿಮೆ ಇರುವ ಕಡೆಗೆ ಗಾಡಿ ಎಳೆಯುತ್ತೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ಗೇಜ್ ಇಟ್ಟು ಅಳೆಯಿರಿ. ಕಾಲಲ್ಲಿ ಒದ್ದು ನೋಡಿದರೆ ಗೊತ್ತಾಗಲ್ಲ. ಎಷ್ಟು ಗಾಳಿ ಬೇಕು ಅನ್ನೋದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತೆ. ಹಿಂದಿನ ಟೈರಿಗೆ ನೀರು ತುಂಬಿಸಿದ್ದರೆ ಎರಡಕ್ಕೂ ಒಂದೇ ಸಮ ಇರಬೇಕು.

ಗಾಳಿ ಸರಿ ಇದ್ದರೆ ಮುಂದಿನ ಎರಡು ಚಕ್ರಗಳನ್ನು ಅದಲು ಬದಲು ಮಾಡಿ ಓಡಿಸಿ. ಎಳೆತವೂ ಇನ್ನೊಂದು ಕಡೆಗೆ ಹೋದರೆ ತಪ್ಪು ಟೈರಿನದ್ದು. ಹಿಂದಿನ ಟೈರಿನಲ್ಲಿ ಈ ಪರೀಕ್ಷೆ ಮಾಡಬೇಡಿ, ಅದರ ಗಟ್ಟೆಗಳು ತಿರುಗಾ ಮುರುಗಾ ಆಗಿ ಹಿಡಿತ ಹೋಗುತ್ತೆ.

ಆಮೇಲೆ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜ್ಯಾಕ್ ಮೇಲೆ ಎತ್ತಿ, ಅಡಿಗೆ ಗಟ್ಟಿ ದಿಮ್ಮಿ ಕೊಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಲೊಡಲೊಡ ಅಂದರೆ ಬೇರಿಂಗ್ ಅಥವಾ ಕಿಂಗ್ ಪಿನ್ ಸವೆದಿದೆ. ಎಡ ಬಲ ಹಿಡಿದಾಗ ಅಲ್ಲಾಡಿದರೆ ಟೈ ರಾಡ್ ಎಂಡ್ ನೋಡಿ.

ಇಷ್ಟಾದರೂ ತಿಳಿಯದಿದ್ದರೆ ಬ್ರೇಕ್ ಮುಟ್ಟದೆ ಎರಡು ಕಿಲೋಮೀಟರ್ ಓಡಿಸಿ. ಹಿಂದೆ ಎಡ, ಬಲ ಬ್ರೇಕ್ ಇರುವ ಭಾಗದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಕಡೆ ಹೆಚ್ಚು ಬಿಸಿ ಇದ್ದರೆ ಆ ಬ್ರೇಕ್ ಬಿಡದೆ ಹಿಡಿದುಕೊಂಡಿದೆ.

2. ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ

ಟ್ರ್ಯಾಕ್ಟರಿಗೆ ಎರಡು ಬ್ರೇಕ್ ಪೆಡಲ್. ಎಡದ್ದು ಎಡ ಹಿಂಚಕ್ರಕ್ಕೆ, ಬಲದ್ದು ಬಲಕ್ಕೆ. ರಸ್ತೆಗೆ ಇಳಿದಾಗ ಎರಡನ್ನೂ ಲಾಕ್ ಪಟ್ಟಿಯಿಂದ ಸೇರಿಸಲೇಬೇಕು.

ಲಾಕ್ ಹಾಕಿಯೂ ಎಳೆದರೆ ನೆನಪಿಡಿ: ಗಾಡಿ ಎಳೆಯುವುದು ಬ್ರೇಕ್ ಜೋರಾಗಿ ಹಿಡಿಯುವ ಕಡೆಗೆ. ಹಾಗಾಗಿ ಸಾಮಾನ್ಯವಾಗಿ ತೊಂದರೆ ಇರೋದು ಎದುರು ಕಡೆಯಲ್ಲಿ. ಲಾಕ್ ಬಿಚ್ಚಿ ಪೆಡಲ್‌ಗಳನ್ನು ಒಂದೊಂದಾಗಿ ಕೈಯಲ್ಲಿ ಒತ್ತಿ. ಬ್ರೇಕ್ ಹಿಡಿಯೋ ಮೊದಲು ಪೆಡಲ್ ಎಷ್ಟು ಸಡಿಲ ಇಳಿಯುತ್ತೆ ಅಂತ ಸ್ಕೇಲ್ ಇಟ್ಟು ಅಳೆಯಿರಿ. ಎರಡೂ ಸಮ ಇರಬೇಕು. ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಮೆಕ್ಯಾನಿಕ್‌ಗೆ ತೋರಿಸೋಕೆ ಸುಲಭ.

ಸಡಿಲ ಹೆಚ್ಚಿದ್ದರೆ ಬ್ರೇಕ್ ರಾಡಿನ ನಟ್ಟಿನಲ್ಲಿ ಪುಸ್ತಕದ ಅಳತೆಗೆ ತನ್ನಿ. ಅಳತೆ ಸಮ ಇದ್ದೂ ಎಳೆದರೆ ಲೈನಿಂಗ್ ಸವೆದಿರಬಹುದು, ಇಲ್ಲವೇ ಸೀಲ್ ಹೋಗಿ ಲೈನಿಂಗಿಗೆ ಆಯಿಲ್ ಹತ್ತಿರಬಹುದು. ಅದು ಬಿಚ್ಚಿ ನೋಡುವ ಕೆಲಸ, ಮೆಕ್ಯಾನಿಕ್‌ಗೇ ಬಿಡಿ.

3. ಟ್ರೇಲರ್ ಕಟ್ಟಿದಾಗ ಮಾತ್ರ ಎಳೆದರೆ

ಟ್ರ್ಯಾಕ್ಟರ್ ಒಂದೇ ಓಡುವಾಗ ನೇರ ಹೋಗುತ್ತೆ ಅಂದರೆ ಅದನ್ನು ಬಿಚ್ಚೋಕೆ ಹೋಗಬೇಡಿ. ಟ್ರೇಲರ್ ಟೈರಿನ ಗಾಳಿ, ಬೇರಿಂಗ್, ಸವೆದ ಹಿಚ್ ಪಿನ್, ಒಂದು ಕಡೆಗೇ ವಾಲಿದ ಲೋಡು ಇವನ್ನು ನೋಡಿ. ಟ್ರೇಲರಿಗೆ ಬ್ರೇಕ್ ಇದ್ದರೆ ಅದೂ ಎರಡು ಕಡೆ ಸಮ ಹಿಡಿಯಬೇಕು.

ನನ್ನ ಗಾಡಿಗೆ ಆಗಿದ್ದೇನು?

ಗದ್ದೆಯ ತುದಿಯಲ್ಲಿ ನಾನು ಹೆಚ್ಚಾಗಿ ಬಲಕ್ಕೇ ತಿರುಗಿಸ್ತಿದ್ದೆ. ಪ್ರತಿ ಸಲ ಬಲ ಬ್ರೇಕ್ ಒಂದನ್ನೇ ತುಳಿದು ತುಳಿದು ಅದರ ಲೈನಿಂಗ್ ಬೇಗ ಸವೆದಿತ್ತು. ರಸ್ತೆಯಲ್ಲಿ ಎರಡೂ ಪೆಡಲ್ ಸೇರಿಸಿ ಒತ್ತಿದಾಗ ಎಡದ್ದು ಮೊದಲು ಹಿಡೀತಿತ್ತು, ಬಲದ್ದು ತಡವಾಗಿ. ಅದಕ್ಕೇ ಎಡಕ್ಕೆ ಎಳೀತಿತ್ತು. ಲೈನಿಂಗ್ ಇನ್ನೂ ಪೂರ್ತಿ ಹೋಗಿರಲಿಲ್ಲ, ಹಾಗಾಗಿ ನಟ್ಟು ತಿರುಗಿಸಿ ಸಮ ಮಾಡುವಷ್ಟರಲ್ಲೇ ಕೆಲಸ ಮುಗಿಯಿತು.

ಸರಿಯಾಯ್ತು ಅಂತ ಹೇಗೆ ಗೊತ್ತಾಗುತ್ತೆ? ಟ್ರೇಲರ್ ಇಲ್ಲದೆ, ಒಣ ಮಣ್ಣಿನ ಜಾಗದಲ್ಲಿ ನಿಧಾನವಾಗಿ ಓಡಿಸಿ, ಲಾಕ್ ಹಾಕಿದ ಪೆಡಲ್ ಒತ್ತಿ ನಿಲ್ಲಿಸಿ. ಇಳಿದು ಹಿಂಚಕ್ರ ಎಳೆದ ಗುರುತು ನೋಡಿ. ಎರಡೂ ಗೀರು ಒಂದೇ ಉದ್ದ ಇದ್ದರೆ ಬ್ರೇಕ್ ಸಮ ಇದೆ. ಒಂದು ಗಿಡ್ಡ ಇದ್ದರೆ ಆ ಕಡೆ ಇನ್ನೂ ಕೆಲಸ ಬಾಕಿ ಇದೆ.

ಎಳೆಯುವ ಗಾಡಿಗೆ ಸ್ಟೇರಿಂಗ್ ಒತ್ತಿ ಹಿಡಿದು ಓಡಿಸೋದು ಬೇಗ ಅಭ್ಯಾಸ ಆಗಿಬಿಡುತ್ತೆ. ನನಗೂ ಆಗಿತ್ತು. ಆದರೆ ಅಡ್ಡ ಬರುವ ಹಸುವಿಗೆ, ಸೈಕಲ್ ಹುಡುಗನಿಗೆ ಅದು ಗೊತ್ತಿರಲ್ಲ. ಲೋಡು ಏರಿಸುವ ಮೊದಲು ಒಂದು ಸಲ ಗಾಳಿ ನೋಡಿ, ಎರಡೂ ಪೆಡಲ್ ಅಳೆಯಿರಿ, ಲಾಕ್ ಹಾಕಿ. ಹತ್ತು ನಿಮಿಷ ಸಾಕು.