ಮದ್ದಿಲ್ಲದ ತೋಟಾ: ಸಂಗ್ರಹಕ್ಕೆ ಇಳಿಯುವ ಮುನ್ನ

ಎನ್‌ಸಿಸಿ ಶಿಬಿರದಲ್ಲಿ ತ್ರೀ ನಾಟ್ ತ್ರೀ ರೈಫಲ್ ಹಿಡಿದವರು ಡ್ರಿಲ್ ತೋಟಾವನ್ನೂ ಕಂಡಿರಬಹುದು. ಮದ್ದು ತುಂಬದ ಇಂಥ ತೋಟಾಗಳಲ್ಲಿ ಎರಡು ಬಗೆ. ಒಂದು, ಲೋಡ್ ಮಾಡುವುದನ್ನು ಕಲಿಸಲು. ಬ್ರಿಟಿಷರು ಇದಕ್ಕೆ ‘ಡಿ’ ಅಕ್ಷರ ಕೊಟ್ಟಿದ್ದರು. ಇನ್ನೊಂದು, ರೈಫಲ್ ತೋಟಾವನ್ನು ಸರಿಯಾಗಿ ಒಳಗೆಳೆದು ಹೊರಹಾಕುತ್ತದೆಯೇ ಎಂದು ಪರೀಕ್ಷಿಸಲು. ಇದರ ಗುರುತು ‘ಯು’. ಕವಾಯತಿನ ತೋಟಾ ಸಾವಿರಾರು ಸಿಪಾಯಿಗಳ ಕೈ ಸೇರಿತು, ತಪಾಸಣೆಯದು ಆಯುಧ ರಿಪೇರಿಯವರ ಪೆಟ್ಟಿಗೆಯಲ್ಲೇ ಉಳಿಯಿತು. ಹಾಗಾಗಿ ಎರಡನೆಯದು ಅಪರೂಪ.

ಮೊದಲ ಕೆಲಸ ಕಾನೂನು ತಿಳಿಯುವುದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 45(ಡಿ) ಕಲಮು, ಪೂರಕ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಮದ್ದುಗುಂಡಿನ ಸಣ್ಣ ಬಿಡಿಭಾಗಗಳಿಗೆ ವಿನಾಯಿತಿ ಕೊಡುತ್ತದೆ. ಆದರೆ ನಿಮ್ಮ ಕೈಲಿರುವುದು ಆ ಸಾಲಿಗೆ ಸೇರುತ್ತದೆ ಎಂದು ನೀವೇ ತೀರ್ಮಾನಿಸಬೇಡಿ. ಪರವಾನಗಿ ಕೊಡುವ ಅಧಿಕಾರಿಗೆ ಪತ್ರ ಬರೆದು, ಲಿಖಿತ ಉತ್ತರ ಪಡೆಯಿರಿ. ಹೊರದೇಶದಿಂದ ತರಿಸುವುದಾದರಂತೂ ಇದನ್ನು ಬಿಡುವಂತೆಯೇ ಇಲ್ಲ.

ಆಮೇಲೆ ಒಂದೇ ಅಳತೆ ಆರಿಸಿಕೊಳ್ಳಿ. .303 ಒಳ್ಳೆಯ ಆರಂಭ. ಅದರ ‘ಡಿ ಮಾರ್ಕ್ 6’ ನೋಡಲು ಚೆಂದ: ಬಿಳಿ ಲೋಹದ ಲೇಪವಿರುವ ಕವಚ, ಉದ್ದಕ್ಕೂ ಕೆಂಪು ಬಳಿದ ತೋಡುಗಳು, ತುದಿಯಲ್ಲಿ ಮರದ ಗುಂಡು. ತಳ ತಿರುಗಿಸಿ, ಭೂತಗನ್ನಡಿ ಹಿಡಿದು ಅಚ್ಚು ಓದಿ. ‘ಕೆಎಫ್’ ಎಂದಿದ್ದರೆ ಅದು ಪುಣೆ ಬಳಿಯ ಕಿರ್ಕಿ ಕಾರ್ಖಾನೆಯದು. ಪಕ್ಕದ ಎರಡಂಕಿ ಸಾಮಾನ್ಯವಾಗಿ ಇಸವಿ.

ಬಣ್ಣವನ್ನಾಗಲಿ ಮರದ ಗುಂಡನ್ನಾಗಲಿ ನಂಬಿ ಕೂರಬೇಡಿ. ಜರ್ಮನ್ ಸೇನೆಯ ಮರದ ಗುಂಡಿನ ‘ಪ್ಲಾಟ್ಸ್‌ಪಾಟ್ರೋನೆ 33’ರಲ್ಲಿ ಮದ್ದಿರುತ್ತದೆ. ಅಮೆರಿಕದಲ್ಲಿ ತವರ ಲೇಪಿಸಿದ ಕವಚ ಮದ್ದಿಲ್ಲದ ತೋಟಾಕ್ಕೂ ಇತ್ತು, ಹೆಚ್ಚಿನ ಒತ್ತಡದ ಪರೀಕ್ಷಾ ತೋಟಾಕ್ಕೂ ಇತ್ತು. ತಳದಲ್ಲಿ ಕೇಪು ಇರುವ ಜಾಗ ಖಾಲಿಯಿದೆಯೇ, ಕವಚದಲ್ಲಿ ಆರಪಾರು ರಂಧ್ರವಿದೆಯೇ ನೋಡಿ. ಎರಡೂ ಇಲ್ಲದಿದ್ದರೆ ಬಲ್ಲವರು ನೋಡುವವರೆಗೆ ಅದು ಜೀವಂತ ತೋಟಾ ಎಂದೇ ತಿಳಿಯಿರಿ. ಕುಟ್ಟುವುದು, ಬಿಚ್ಚುವುದು, ಬಿಸಿ ಮಾಡುವುದು ಬೇಡವೇ ಬೇಡ. ಅದನ್ನು ಇದ್ದಲ್ಲೇ ಬಿಟ್ಟು 112ಕ್ಕೆ ಕರೆ ಮಾಡಿ.

ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುವ ಆಸೆ ಬರುತ್ತದೆ, ತಡೆದುಕೊಳ್ಳಿ. ಹಳೆಯ ಲೇಪ, ತಪಾಸಕರ ಬಣ್ಣದ ಗುರುತು ಹೋದರೆ ತೋಟಾದ ಬೆಲೆಯೂ ಹೋಯಿತು. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಓಕ್ ಮರದ ಪೆಟ್ಟಿಗೆ ಬೇಡ, ಅದರಿಂದ ಹೊಮ್ಮುವ ಆಮ್ಲ ಲೋಹವನ್ನು ಕೆಡಿಸುತ್ತದೆ.

ಪ್ರತಿ ತೋಟಾಕ್ಕೂ ಒಂದು ಚೀಟಿ ಬರೆಯಿರಿ: ತಳದ ಅಚ್ಚು, ತೂಕ, ಯಾರಿಂದ ಬಂತು, ರಸೀದಿ ಎಲ್ಲಿದೆ. ಕಾಗದಪತ್ರ ಕೊಡದವರಿಂದ ಎಷ್ಟೇ ಅಪರೂಪದ್ದಾದರೂ ಕೊಳ್ಳಬೇಡಿ. ವಿಮಾನ ಹತ್ತುವಾಗ ಖಾಲಿ ಕವಚವೊಂದೂ ಬ್ಯಾಗಿನಲ್ಲಿರದಂತೆ ನೋಡಿಕೊಳ್ಳಿ.