ಪಾಠದೊಳಗಿನ ಜಗಳ

ಮಕ್ಕಳಿಂದ ನಾಟಕ ಬರೆಸಬೇಕು, ಎಲ್ಲಿಂದ ಶುರು ಮಾಡಲಿ ದೊಡ್ಡಪ್ಪಾ ಎಂದು ಫೋನಿನಲ್ಲಿ ಕೇಳಿದೆಯಲ್ಲ. ಎಲ್ಲಿಂದಾದರೂ ಶುರು ಮಾಡು ಮಾರಾಯ್ತಿ, ವಾರ್ಷಿಕೋತ್ಸವದಿಂದ ಮಾತ್ರ ಬೇಡ. ಡಿಸೆಂಬರ್ ಬಂತೆಂದರೆ ನಮ್ಮ ಶಾಲೆಗಳಿಗೆ ನಾಟಕದ ಜ್ವರ ಏರುತ್ತದೆ. ಬಾಡಿಗೆ ಕಿರೀಟ, ಥರ್ಮೋಕೋಲಿನ ಅರಮನೆ, ಪೆನ್‌ಡ್ರೈವಿನಲ್ಲಿ ಯಾರದೋ ಧ್ವನಿ, ಅದಕ್ಕೆ ಮಕ್ಕಳ ತುಟಿ. ಗಟ್ಟಿ ಗಂಟಲಿನ ಹುಡುಗನೇ ವರ್ಷವರ್ಷವೂ ರಾಜ. ಹಿಂದಿನ ಬೆಂಚಿನವರು ಕೊಂಬೆ ಹಿಡಿದು ನಿಲ್ಲುವ ಮರಗಳು. ಜನವರಿಗೆ ಜ್ವರ ಇಳಿಯುತ್ತದೆ, ಆ ಮರಗಳು ಮತ್ತೆ ಹಿಂದಿನ ಬೆಂಚಿಗೆ.

ನಾನು ಹೇಳುವುದು ಮಂಗಳವಾರ ಮೂರನೇ ಪಿರಿಯಡ್ಡಿನಲ್ಲಿ ಆಗುವ ನಾಟಕದ ಮಾತು. ವೇಷವಿಲ್ಲ, ಮೈಕಿಲ್ಲ, ಬೆಂಚು ಸರಿಸಿದರೆ ರಂಗಸ್ಥಳ. ಅದು ಕನ್ನಡದ ಪಿರಿಯಡ್ಡೇ ಆಗಬೇಕೆಂದಿಲ್ಲ. ಗಣಿತವೋ ವಿಜ್ಞಾನವೋ ಆದರೆ ಇನ್ನೂ ಚಂದ.

ಆದರೆ ಪಾಠವನ್ನು ಸಂಭಾಷಣೆಯಾಗಿ ತುಂಡರಿಸಿಬಿಟ್ಟರೆ ನಾಟಕವಾಯಿತು ಎಂದುಕೊಳ್ಳಬೇಡ. ‘ನಾನು ಬೇರು, ನೀರು ಹೀರುತ್ತೇನೆ’, ‘ನಾನು ಎಲೆ, ಆಹಾರ ತಯಾರಿಸುತ್ತೇನೆ’ ಎಂದು ಕೊರಳಿಗೆ ರಟ್ಟು ಕಟ್ಟಿಕೊಂಡ ಮಕ್ಕಳು ಸಾಲಾಗಿ ಬಂದು ಒಪ್ಪಿಸಿ ಹೋಗುವುದನ್ನು ನೀನೂ ನೋಡಿರುತ್ತೀ. ಕಂಠಪಾಠಕ್ಕೇ ವೇಷ ಹಾಕಿದ್ದು ಅದು. ನಾಟಕವಾಗಬೇಕಾದರೆ ಒಬ್ಬರಿಗೆ ಏನೋ ಬೇಕಿರಬೇಕು, ಇನ್ನೊಬ್ಬರು ಅದಕ್ಕೆ ಅಡ್ಡ ಬರಬೇಕು. ಹಾಗಾಗಿ ಯಾವ ಪಾಠ ತೆಗೆದರೂ ಮೊದಲು ಅದರೊಳಗಿನ ಜಗಳ ಹುಡುಕು. ಜಗಳ ಸಿಕ್ಕರೆ ಮಾತನ್ನು ಮಕ್ಕಳೇ ತರುತ್ತಾರೆ.

ಬಡ್ಡಿ ಲೆಕ್ಕವನ್ನೇ ತೆಗೆದುಕೋ. ಪುಸ್ತಕದಲ್ಲಿ ಅಸಲು, ದರ, ಅವಧಿ ಮೂರೂ ಜಗಳವಾಡದೆ ಕೂತಿರುತ್ತವೆ. ನಮ್ಮ ಕಡೆ ಅಡಿಕೆ ಕೊಯ್ಲಿಗೆ ಮುಂಚೆ ಕೈಸಾಲ ಮಾಡುವುದು ಮಕ್ಕಳಿಗೆ ಗೊತ್ತಿಲ್ಲದ ಸಂಗತಿಯೇ? ಒಬ್ಬ ಸಾಲ ಕೊಡುವವ, ಒಬ್ಬ ಕೇಳುವವ, ಬಾಗಿಲಲ್ಲಿ ನಿಂತ ಅವನ ಹೆಂಡತಿ. ಹತ್ತು ಸಾವಿರ ರೂಪಾಯಿ, ನೂರಕ್ಕೆ ತಿಂಗಳಿಗೆ ಮೂರು. ‘ಮೂರೇ ರೂಪಾಯಿ ಅಲ್ವಾ’ ಎಂದು ಗಂಡ ಸಹಿಗೆ ಕೈ ಚಾಚುತ್ತಾನೆ. ಹೆಂಡತಿಯ ಪಾತ್ರದ ಹುಡುಗಿ ಅವನನ್ನು ತಡೆಯಬೇಕು, ತಡೆಯಬೇಕಾದರೆ ಲೆಕ್ಕ ಮಾಡಲೇಬೇಕು: ತಿಂಗಳಿಗೆ 300, ವರ್ಷಕ್ಕೆ 3,600. ನೂರಕ್ಕೆ 36! ಅಲ್ಲಿ ಗುಣಾಕಾರ ತಪ್ಪಿದರೆ ಇಡೀ ತರಗತಿ ‘ಏಯ್’ ಎನ್ನುತ್ತದೆ, ನೀನು ಕೆಂಪು ಪೆನ್ನು ತೆಗೆಯಬೇಕಾಗಿಲ್ಲ. ಸಾಲ ಕೊಡುವವನನ್ನು ಮೀಸೆ ತಿರುವುವ ಖಳನಾಯಕ ಮಾಡಲು ಹುಡುಗರು ಹೊರಡುತ್ತಾರೆ, ಬಿಡಬೇಡ. ಅವನಿಗೂ ಒಂದು ನ್ಯಾಯ ಇರಲಿ. ಹೋದ ವರ್ಷ ಕೊಟ್ಟದ್ದು ಮುಳುಗಿದೆ ಅನ್ನಲಿ, ಮಗಳ ಮದುವೆ ಇದೆ ಅನ್ನಲಿ. ಆಗ ಹೆಂಡತಿಯ ಮಾತಿಗೂ ಬಲ ಬರುತ್ತದೆ.

ಇತಿಹಾಸದಲ್ಲಂತೂ ಇದು ಇನ್ನೂ ಮುಖ್ಯ. 1930ರ ಏಪ್ರಿಲ್ 6ರಂದು ಗಾಂಧೀಜಿ ದಂಡಿಯಲ್ಲಿ ಉಪ್ಪು ಹಿಡಿದರು. ಒಂದೇ ವಾರಕ್ಕೆ, 13ರಂದು, ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ನಮ್ಮ ಅಂಕೋಲೆಯಲ್ಲೂ ಕಾನೂನು ಮುರಿದರು. ಇದನ್ನು ನಾಟಕ ಬರೆಯಿರಿ ಎಂದರೆ ಮಕ್ಕಳು ಮೊದಲು ಬರೆದುಕೊಡುವುದು ಬರೀ ಜಯಕಾರ. ಬೈಯಬೇಡ, ಒಂದು ಪ್ರಶ್ನೆ ಕೇಳು: ಲಾಠಿ ಹಿಡಿದು ನಿಂತ ಪೊಲೀಸಿನವನೂ ಈ ಕಡೆಯವನೇ ಅಲ್ಲವೇ, ಸಂಜೆ ಅವನ ಮನೆಯ ಸಾರಿಗೆ ಉಪ್ಪು ಎಲ್ಲಿಂದ ಬರುತ್ತದೆ? ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಯಾವುದೋ ಮೂಲೆಯಿಂದ ಪೊಲೀಸಿನವನ ತಾಯಿ ಎದ್ದು ಬರುತ್ತಾಳೆ, ‘ಸಮುದ್ರ ನಿನ್ನ ಸರ್ಕಾರದ್ದೇನೋ?’ ಎಂದು ಕೇಳುತ್ತಾಳೆ. ಉಪ್ಪಿನ ಮೇಲೆ ಸರ್ಕಾರದ ಏಕಸ್ವಾಮ್ಯ, ತೆರಿಗೆ ಎಂದು ನೀನು ಎರಡು ದಿನ ಬೋರ್ಡಿನ ಮೇಲೆ ಬರೆದದ್ದು ಆ ತಾಯಿಯ ಬಾಯಲ್ಲಿ ಕೇಳಿಬರುತ್ತದೆ. ನಾಡಕರ್ಣಿಯವರಂಥ ನಿಜವಾದ ವ್ಯಕ್ತಿಗಳ ಬಾಯಲ್ಲಿ ಮಾತ್ರ ಕಂಡಕಂಡ ಮಾತು ಹಾಕಿಸಬೇಡ. ಕಲ್ಪನೆಯೆಲ್ಲ ಹೆಸರಿಲ್ಲದವರ ಮೇಲಿರಲಿ.

ವಿಜ್ಞಾನಕ್ಕೆ ಕೋರ್ಟು ಒಳ್ಳೆಯದು. ಸೊಳ್ಳೆಯನ್ನು ಕಟಕಟೆಗೆ ಹತ್ತಿಸು. ‘ರಕ್ತ ಹೀರುವುದು ಹೆಣ್ಣು ಮಾತ್ರ, ಅದೂ ಮೊಟ್ಟೆಗಾಗಿ, ನಮ್ಮ ಗಂಡಸರು ಹೂವಿನ ರಸ ಕುಡಿದುಕೊಂಡಿದ್ದಾರೆ ಸ್ವಾಮೀ’ ಎಂದು ಸೊಳ್ಳೆಯ ವಕೀಲ ವಾದಿಸಲಿ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ಮಳೆನೀರು ನಿಲ್ಲಲು ಬಿಟ್ಟವರು ಯಾರು ಎಂಬ ಪ್ರಶ್ನೆಗೆ ಬರುವಷ್ಟರಲ್ಲಿ ಕಟಕಟೆಯಲ್ಲಿ ಮನೆ ಯಜಮಾನ ನಿಂತಿರುತ್ತಾನೆ.

ಬರೆಸುವಾಗ ಒಂದು ಎಚ್ಚರ. ಮೊದಲು ಆಡಿಸು, ಆಮೇಲೆ ಬರೆಸು. ಖಾಲಿ ಹಾಳೆ ಕೊಟ್ಟು ‘ನಾಟಕ ಬರೆಯಿರಿ’ ಎಂದರೆ ‘ದೃಶ್ಯ ಒಂದು: ಅರಮನೆ’ ಎಂದೇ ಬರುತ್ತದೆ. ಆಡಿದ ಮಾತನ್ನು ಆಡಿದ ಹಾಗೇ ಬರೆಯಲಿ. ಹವ್ಯಕರ ಹುಡುಗಿ ಮನೆಮಾತಲ್ಲೇ, ದೀವರ ಹುಡುಗ ತನ್ನ ಮಾತಲ್ಲೇ. ಗ್ರಂಥಭಾಷೆಗೆ ತಿದ್ದಿದೆಯೋ, ಪಾತ್ರ ಸತ್ತಿತು. ತಿದ್ದಬೇಕಾದ್ದು ಇಸವಿ, ಲೆಕ್ಕ, ವಿಜ್ಞಾನದ ತಪ್ಪು. ಅಲ್ಲಿ ಸಡಿಲ ಬಿಡಬೇಡ.

ಮಕ್ಕಳ ನಾಟಕವೆಂದರೆ ನೀತಿಪಾಠ ಎಂಬ ಭ್ರಮೆ ನಿನಗಿದ್ದರೆ ವೈದೇಹಿಯವರ ‘ನಾಯಿಮರಿ ನಾಟಕ’, ‘ಮೂಕನ ಮಕ್ಕಳು’ ಓದು. ಟ್ಯಾಗೋರರ ಗಿಳಿಯ ಕಥೆಯಿಂದ ಹುಟ್ಟಿದ ಬಿ.ವಿ. ಕಾರಂತರ ‘ಪಂಜರ ಶಾಲೆ’ಯನ್ನೂ ಓದು. ಗಿಳಿಗೆ ವಿದ್ಯೆ ಕಲಿಸಲು ಚಿನ್ನದ ಪಂಜರ ಮಾಡಿಸಿ, ಪುಸ್ತಕದ ಹಾಳೆಗಳನ್ನೇ ಅದರ ಬಾಯಿಗೆ ತುರುಕುವ ಪಂಡಿತರ ಕಥೆ ಅದು. ಸ್ಟಾಫ್ ರೂಮಿನಲ್ಲಿ ಅದನ್ನು ಗಟ್ಟಿಯಾಗಿ ಓದುವ ಧೈರ್ಯ ನನಗಂತೂ ಬರಲಿಲ್ಲ! ಇಂಗ್ಲೆಂಡಿನಲ್ಲಿ ಡೊರೊಥಿ ಹೀತ್‌ಕೋಟ್ ಎಂಬ ಹೆಂಗಸು, ಹದಿನಾಲ್ಕಕ್ಕೇ ಶಾಲೆ ಬಿಟ್ಟು ಉಣ್ಣೆ ಗಿರಣಿಗೆ ಸೇರಿದ್ದವಳು, ಮುಂದೆ ಶಿಕ್ಷಕರಿಗೇ ನಾಟಕ ಕಲಿಸಿದಳು. ಮೇಷ್ಟ್ರು ಹೊರಗೆ ನಿಂತು ನಿರ್ದೇಶನ ಕೊಡುವ ಬದಲು ತಾವೇ ಒಂದು ಪಾತ್ರವಾಗಿ ಒಳಗೆ ಬರಬೇಕು ಎನ್ನುವುದು ಆಕೆಯ ಪಾಠ. ನೀನೂ ಸಾಲ ಕೇಳಲು ಬಂದವನಾಗು. ಟೀಚರ್ ಕೈಮುಗಿದು ನಿಂತರೆ ಎದುರಿಗಿರುವ ಹುಡುಗನ ಬೆನ್ನು ತಾನೇ ನೆಟ್ಟಗಾಗುತ್ತದೆ. ಸಾಗರದ ಕಡೆ ಬಂದಾಗ ಹೆಗ್ಗೋಡಿಗೂ ಹೋಗಿ ಬಾ. ಅಲ್ಲಿ ನೀನಾಸಂನವರು 1980ರಿಂದ ರಂಗಶಿಕ್ಷಣ ಕೊಡುತ್ತಿದ್ದಾರೆ. ಅಲ್ಲಿ ಕಲಿತು ಸರ್ಕಾರಿ ಶಾಲೆಯಲ್ಲಿ ನಾಟಕದ ಮೇಷ್ಟ್ರಾದವರೂ ಇದ್ದಾರೆ. ಆದರೆ ಎಲ್ಲ ಶಾಲೆಗೂ ಅಂಥವರು ಬರುವ ತನಕ ನೀನು ಕಾಯಬೇಡ.

ಪಾತ್ರ ಹಂಚುವಾಗ ಮೈಯೆಲ್ಲ ಕಣ್ಣಾಗಿರು. ಕೂಲಿಯವರ ಮಗನಿಗೆ ಕೂಲಿಯವನ ಪಾತ್ರ, ದಪ್ಪ ಹುಡುಗಿಗೆ ರಾಕ್ಷಸಿ, ಕಪ್ಪಗಿದ್ದವನಿಗೆ ಕಳ್ಳ: ಇದು ನಮ್ಮ ಕೈಯಿಂದ ತಾನಾಗಿ ಆಗಿಬಿಡುತ್ತದೆ, ಮಕ್ಕಳು ವರ್ಷಗಟ್ಟಲೆ ಮರೆಯುವುದಿಲ್ಲ. ಚೀಟಿ ಎತ್ತಿಸು, ಅಥವಾ ಒಂದೇ ದೃಶ್ಯವನ್ನು ಪಾತ್ರ ಬದಲಿಸಿ ಮತ್ತೊಮ್ಮೆ ಆಡಿಸು. ಬಾಯಿ ಬಿಡದ ಮಗುವನ್ನು ಮಾತಾಡು ಎಂದು ಪೀಡಿಸಬೇಡ. ನ್ಯಾಯಾಧೀಶರ ಗುಮಾಸ್ತನಾಗಿ ಎಲ್ಲವನ್ನೂ ಬರೆದುಕೊಳ್ಳಲಿ. ನಾಳೆ ಆ ಹಾಳೆಯೇ ಸ್ಕ್ರಿಪ್ಟು.

ಸಿಲಬಸ್ ಮುಗಿಯುವುದಿಲ್ಲ ಎಂದು ಹೆಡ್ ಮೇಷ್ಟ್ರು ಹೇಳುತ್ತಾರೆ, ಹೇಳಲೇಬೇಕು, ಮೇಲಿನವರಿಗೆ ಅವರು ಉತ್ತರ ಕೊಡಬೇಕಲ್ಲ. ವಾದಕ್ಕೆ ನಿಲ್ಲಬೇಡ. ಎಲ್ಲ ಪಾಠಕ್ಕೂ ನಾಟಕ ಹಚ್ಚಲು ಹೋಗಲೂಬೇಡ. ಜಗಳವಿಲ್ಲದ ಪಾಠಗಳಿವೆ, ಅವನ್ನು ಬೋರ್ಡಿನ ಮೇಲೇ ಮುಗಿಸು. ತಿಂಗಳಿಗೆ ಒಂದು ಪಾಠ ಸಾಕು. ಮೊದಲಿಗೆ ಬಡ್ಡಿಯದ್ದನ್ನೇ ಮಾಡಿಸು, ಕಿರುಪರೀಕ್ಷೆಯಲ್ಲಿ ಅದೇ ಲೆಕ್ಕ ಕೊಡು, ಉತ್ತರ ಪತ್ರಿಕೆಗಳನ್ನು ಒಯ್ದು ಅವರ ಮೇಜಿನ ಮೇಲಿಡು.